ಕನ್ನಡದ ಮೂಲಕ ಸ್ಪ್ಯಾನಿಷ್ ಆಖ್ಯಾತ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕಲಿಕಾರ್ಥಿಗಾಗಿ ಮಿಂಚುಪಟ್ಟಿ ಮತ್ತು ಕಿರುಪರೀಕ್ಷೆಗಳ ವಿನ್ಯಾಸ

ಸಾರಾಂಶ

ಸ್ಪ್ಯಾನಿಷ್ ಕ್ರಿಯಾರೂಪಗಳನ್ನು ಕಲಿಸುವ ಮಿಂಚುಪಟ್ಟಿಗಳು ಸಾಮಾನ್ಯವಾಗಿ ಇಂಗ್ಲಿಷನ್ನು ಆಧಾರವಾಗಿ ಇಟ್ಟುಕೊಂಡಿರುತ್ತವೆ. ಪುರುಷ ಮತ್ತು ವಚನಗಳನ್ನು ಪ್ರತ್ಯಯದಲ್ಲಿಯೇ ತೋರಿಸುವ ಕನ್ನಡದ ಕಲಿಕಾರ್ಥಿಗೆ ಈ ಆಧಾರವು ಕೆಲವೆಡೆ ಅನಗತ್ಯ, ಕೆಲವೆಡೆ ಹಾನಿಕರ. ಯಾದಗಿರಿ ಸೀಮೆಯ ಆಡುಗನ್ನಡವನ್ನು ಪಟ್ಟಿಯ ಮುಂಬದಿಗೆ ತಂದರೆ ಯಾವ ತೊಡಕು ತಪ್ಪುತ್ತದೆ, ಯಾವ ಹೊಸ ತೊಡಕು ಹುಟ್ಟುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

ಕೀಲಿಪದಗಳು: ಆಖ್ಯಾತ, ರೂಪಾವಳಿ, ಮಿಂಚುಪಟ್ಟಿ, ಸ್ಮರಣಾಭ್ಯಾಸ, ಯಾದಗಿರಿ ಕನ್ನಡ, ಸ್ಪ್ಯಾನಿಷ್

1. ಪೀಠಿಕೆ

2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕನ್ನಡದೊಡನೆ ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ನುಡಿಗಳು ದಿನಬಳಕೆಯಲ್ಲಿವೆ. ಒಂದಕ್ಕಿಂತ ಹೆಚ್ಚು ಆಖ್ಯಾತ ವ್ಯವಸ್ಥೆಗಳನ್ನು ಕಿವಿಯಿಂದಲೇ ಕಲಿತವರು ಇಲ್ಲಿ ಅಪರೂಪವಲ್ಲ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಬೋಧನೆಯಿದೆ. ಆದರೆ ಊರಿನಲ್ಲಿಯೇ ಇದ್ದು ಕಲಿಯಬಯಸುವವರು ಬಹುತೇಕ ಇಂಗ್ಲಿಷ್ ಮಾಧ್ಯಮದ ಪುಸ್ತಕ ಮತ್ತು ಮೊಬೈಲ್ ಸಾಧನಗಳನ್ನೇ ನೆಚ್ಚಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿ ಎಡವಿದಾಗ ಅದು ಇಂಗ್ಲಿಷಿನ ತೊಡಕೋ ಸ್ಪ್ಯಾನಿಷಿನ ತೊಡಕೋ ಎಂಬುದು ಅವರಿಗೇ ತಿಳಿಯದು. ‘ಭಾಷೆ ಕಲಿಯುವುದು ನನ್ನಿಂದಾಗದು’ ಎಂಬ ತೀರ್ಮಾನಕ್ಕೆ ಇದಿಷ್ಟೇ ಸಾಕಾಗಬಹುದು. ಪಟ್ಟಿಯ ಮುಂಬದಿಯಲ್ಲಿ ಯಾವ ಭಾಷೆಯಿರಬೇಕು ಎಂಬ ಪ್ರಶ್ನೆಗೆ ಮಹತ್ತ್ವ ಬರುವುದು ಈ ಕಾರಣದಿಂದ.

ಇಲ್ಲಿ ಸ್ಪ್ಯಾನಿಷ್ ರೂಪಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಸ್ವರಾಘಾತವುಳ್ಳ ಅಕ್ಷರವನ್ನು ದೀರ್ಘವಾಗಿ, ಉಳಿದವನ್ನು ಹ್ರಸ್ವವಾಗಿ ತೋರಿಸಲಾಗಿದೆ. ಇದು ಸಂಕೇತವಷ್ಟೆ, ಸ್ಪ್ಯಾನಿಷಿನಲ್ಲಿ ಸ್ವರದೈರ್ಘ್ಯವು ಅರ್ಥಭೇದಕವಲ್ಲ.

2. ಎರಡು ಆಖ್ಯಾತ ವ್ಯವಸ್ಥೆಗಳು

2.1 ಹೊಂದಿಕೆಗಳು. ‘ಬರು’ ಎಂಬರ್ಥದ ‘ಬೆನೀರ್’ ಧಾತುವಿನ ವರ್ತಮಾನ ರೂಪಗಳು ಹೀಗಿವೆ: ಏಕವಚನದಲ್ಲಿ ಉತ್ತಮ, ಮಧ್ಯಮ, ಪ್ರಥಮ ಪುರುಷಗಳಿಗೆ ಕ್ರಮವಾಗಿ ಬೇಂಗೊ, ಬ್ಯೇನೆಸ್, ಬ್ಯೇನೆ, ಬಹುವಚನದಲ್ಲಿ ಬೆನೀಮೊಸ್, ಬೆನೀಸ್, ಬ್ಯೇನೆನ್. ಯಾದಗಿರಿ ಸೀಮೆಯ ಆಡುಮಾತಿನಲ್ಲಿ ಇವಕ್ಕೆ ಬರ್ತೀನಿ, ಬರ್ತೀ, ಬರ್ತಾನ (ಬರ್ತಾಳ, ಬರ್ತದ), ಬರ್ತೀವಿ, ಬರ್ತೀರಿ, ಬರ್ತಾರ (ಬರ್ತಾವ) ಎಂಬ ರೂಪಗಳು ಸಂವಾದಿಯಾಗಿವೆ. ಎರಡರಲ್ಲಿಯೂ ಸರ್ವನಾಮವನ್ನು ಬಿಡಬಹುದು, ಏಕೆಂದರೆ ಕರ್ತೃವನ್ನು ಪ್ರತ್ಯಯವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮವಿಲ್ಲದೆ ಕರ್ತೃ ತಿಳಿಯದ ಕಾರಣ, ಅದರ ಮೂಲಕ ಕಲಿಸುವ ಪಟ್ಟಿಯು ಪ್ರತಿ ರೂಪಕ್ಕೂ ಸರ್ವನಾಮವನ್ನು ಅಂಟಿಸುತ್ತದೆ. ‘ಬರ್ತೀನಿ’ ಎಂಬ ಒಂದೇ ಪದವು ‘ಬೇಂಗೊ’ ಎಂಬುದನ್ನು ನೇರವಾಗಿ ಕರೆದು ತರಬಲ್ಲದು.

ಭೂತಕಾಲದಲ್ಲಿ ಈ ಲಾಭವು ಇನ್ನೂ ಸ್ಪಷ್ಟ. ‘ಬಂದ’ ಮತ್ತು ‘ಬಂದಾನ’ ಎಂಬ ಸ್ಥಳೀಯ ವ್ಯತ್ಯಾಸವು ‘ಬೀನೊ’ ಮತ್ತು ‘ಆ ಬೆನೀದೊ’ ಎಂಬ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ‘ಬರ್ತಿದ್ದ’ ಎಂಬುದು ರೂಢಿಯನ್ನೂ ಆಗ ನಡೆಯುತ್ತಿದ್ದ ಕ್ರಿಯೆಯನ್ನೂ ಸೂಚಿಸುವಂತೆ ಸ್ಪ್ಯಾನಿಷಿನ ಅಪೂರ್ಣ ಭೂತವಾದ ‘ಬೆನೀಯ’ ಕೂಡ ಎರಡನ್ನೂ ಸೂಚಿಸುತ್ತದೆ. ಇಂಗ್ಲಿಷ್ ಈ ಎರಡಕ್ಕೆ ಬೇರೆ ಬೇರೆ ರಚನೆಗಳನ್ನು ಬಳಸುತ್ತದೆ. ಅನೇಕ ವೇಳೆ ಸಾಮಾನ್ಯ ಭೂತರೂಪದಿಂದಲೇ ರೂಢಿಯನ್ನೂ ಹೇಳಿಬಿಡುತ್ತದೆ.

‘ಈ ಹಾಡು ನನಗ ಸೇರ್ತದ, ಈ ಹಾಡುಗಳು ನನಗ ಸೇರ್ತಾವ’ ಎಂಬ ರಚನೆಯೂ ಗಮನಾರ್ಹ. ಇಲ್ಲಿ ಮೆಚ್ಚುವವರು ಚತುರ್ಥಿಯಲ್ಲಿದ್ದಾರೆ. ಕ್ರಿಯಾಪದವು ಮೆಚ್ಚಿದ ವಸ್ತುವಿನ ವಚನವನ್ನು ಅನುಸರಿಸುತ್ತದೆ. ಸ್ಪ್ಯಾನಿಷಿನ ‘ಮೆ ಗೂಸ್ತ’ ಮತ್ತು ‘ಮೆ ಗೂಸ್ತನ್’ ರೂಪಗಳದ್ದೂ ಇದೇ ಕಟ್ಟು. ಇಂಗ್ಲಿಷ್ ಪುಸ್ತಕಗಳು ಇದನ್ನು ವಿಲಕ್ಷಣವೆಂಬಂತೆ ವಿವರಿಸಬೇಕಾಗುತ್ತದೆ. ಸುರಪುರದ ಕಲಿಕಾರ್ಥಿಗೆ ಇದು ಮನೆಮಾತು.

2.2 ತೊಡಕುಗಳು. ಮನೆಮಾತು ಎಲ್ಲೆಡೆಯೂ ನೆರವಾಗುವುದಿಲ್ಲ. ಮೊದಲನೆಯ ತೊಡಕು ನಿಷೇಧದ್ದು. ‘ನಾ ಬರಂಗಿಲ್ಲ, ನೀ ಬರಂಗಿಲ್ಲ, ಅವ ಬರಂಗಿಲ್ಲ’ ಎಂಬಲ್ಲಿ ಕನ್ನಡವು ಪುರುಷಪ್ರತ್ಯಯವನ್ನು ಕೈಬಿಡುತ್ತದೆ. ಸ್ಪ್ಯಾನಿಷ್ ಅದನ್ನು ಉಳಿಸಿಕೊಳ್ಳುತ್ತದೆ: ನೊ ಬೇಂಗೊ, ನೊ ಬ್ಯೇನೆಸ್, ನೊ ಬ್ಯೇನೆ. ‘ಬರಂಗಿಲ್ಲ’ ಎಂದಷ್ಟೇ ಬರೆದ ಪಟ್ಟಿಗೆ ಆರು ಉತ್ತರಗಳೂ ಸರಿಯಾಗುತ್ತವೆ. ಆದ್ದರಿಂದ ನಿಷೇಧದ ಪಟ್ಟಿಯಲ್ಲಿ ಮಾತ್ರ ಸರ್ವನಾಮವನ್ನು ತಪ್ಪದೆ ನಮೂದಿಸಬೇಕು.

ಎರಡನೆಯದು ಗೌರವಸೂಚನೆ. ‘ನೀವು’ ಏಕವ್ಯಕ್ತಿಗೂ ಬಹುವ್ಯಕ್ತಿಗಳಿಗೂ ಒಂದೇ ಪ್ರತ್ಯಯವನ್ನು ತೆಗೆದುಕೊಳ್ಳುತ್ತದೆ. ಸ್ಪ್ಯಾನಿಷಿನ ಗೌರವವಾಚಕ ‘ಉಸ್ತೇದ್’ ಮಾತ್ರ ಎದುರಿಗಿರುವವರನ್ನು ಕುರಿತಿದ್ದರೂ ಪ್ರಥಮಪುರುಷ ಏಕವಚನದ ‘ಬ್ಯೇನೆ’ಯನ್ನು ಬಯಸುತ್ತದೆ. ಉರ್ದು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಅಲ್ಲಿ ‘ಆಪ್’ ಎಂಬುದಕ್ಕೆ ಬರುವ ‘ಹೈಂ’ ಪ್ರಥಮಪುರುಷ ಬಹುವಚನದ ರೂಪವೇ ಆಗಿದೆ.

ಮೂರನೆಯದು ಸ್ವರಾಘಾತ. ‘ಆಬ್ಲೊ’ ಎಂದರೆ ‘ಮಾತಾಡ್ತೀನಿ’, ‘ಅಬ್ಲೋ’ ಎಂದರೆ ‘ಮಾತಾಡಿದ’. ಪದದ ಅರ್ಥವನ್ನು ಆಘಾತದಿಂದ ಬೇರ್ಪಡಿಸುವ ರೂಢಿ ಕನ್ನಡದಲ್ಲಿಲ್ಲ. ಆದ್ದರಿಂದ ಮೌನವಾಗಿ ಓದುವ ಪಟ್ಟಿ ಇಲ್ಲಿ ಸಾಲದು. ಉತ್ತರವನ್ನು ಗಟ್ಟಿಯಾಗಿ ಹೇಳಿಯೇ ಪಟ್ಟಿಯನ್ನು ಮಗುಚಬೇಕು. ಇವುಗಳ ಜೊತೆಗೆ ಸಂಶಯ, ಇಚ್ಛೆ ಮೊದಲಾದವುಗಳಿಗೆ ಬಳಸುವ ಪ್ರತ್ಯೇಕ ರೂಪಗಣವಿದೆ (‘ಬೇಂಗ’ ಇತ್ಯಾದಿ). ಇದಕ್ಕೆ ಕನ್ನಡದಲ್ಲಿ ಒಂದೇ ಸಂವಾದಿ ರೂಪವಿಲ್ಲವಾದ್ದರಿಂದ ಅದನ್ನು ಪೂರ್ಣ ವಾಕ್ಯಗಳ ಮೂಲಕವೇ ಅಭ್ಯಾಸ ಮಾಡಿಸಬೇಕು.

3. ಪಟ್ಟಿಗೆ ಯಾವ ರೂಪಗಳು?

ಏಳು ಸರಳ ಕಾಲಾರ್ಥ ಗಣಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ ಒಂದು ಸ್ಪ್ಯಾನಿಷ್ ಧಾತುವಿಗೆ 42 ಸ್ಥಾನಗಳಿವೆ. ಸ್ಥಾನಕ್ಕೊಂದು ಪಟ್ಟಿಯಂತೆ ಬರೆದರೆ ಐದು ಧಾತುಗಳಿಗೆ 210 ಪಟ್ಟಿಗಳಾಗುತ್ತವೆ. ಆದರೆ ರೂಪಾವಳಿಯು ಬಿಡಿರೂಪಗಳ ರಾಶಿಯಲ್ಲ. ಕೆಲವು ರೂಪಗಳು ಗೊತ್ತಿದ್ದರೆ ಉಳಿದವನ್ನು ಊಹಿಸಬಹುದೆಂಬ ಹಳೆಯ ಬೋಧನಾ ತಿಳಿವಳಿಕೆಯನ್ನು ಫಿಂಕೆಲ್ ಮತ್ತು ಸ್ಟಂಪ್ 2007ರಲ್ಲಿ ಭಾಷಾಪ್ರಭೇದಗಳ ಅಧ್ಯಯನಕ್ಕೆ ಅಳವಡಿಸಿದರು. ‘ಬೆನೀರ್’ ಧಾತುವಿಗೆ ಬೆನೀರ್, ಬೇಂಗೊ, ಬ್ಯೇನೆ, ಬೀನೆ, ಬೆಂದ್ರೇ ಎಂಬ ಐದು ಆಧಾರರೂಪಗಳು ಸಾಕು. ‘ಬೇಂಗೊ’ ತಿಳಿದರೆ ‘ಬೇಂಗ’ ಗಣವು ದೊರೆಯುತ್ತದೆ. ‘ಬೀನೆ’ಯ ಪ್ರಕೃತಿಯಿಂದ ‘ಬಿನ್ಯೇರೊನ್’, ಅದರಿಂದ ‘ಬಿನ್ಯೇರ’ ದೊರೆಯುತ್ತವೆ.

ಈ ಉಪಾಯವು ಕನ್ನಡಕ್ಕೂ ಹೊಸದಲ್ಲ. ‘ಕೊಡು’ ಎಂಬುದರಿಂದ ‘ಕೊಟ್ಟ’, ‘ಬೀಳು’ ಎಂಬುದರಿಂದ ‘ಬಿದ್ದ’, ‘ಬರು’ ಎಂಬುದರಿಂದ ‘ಬಂದ’ ಎಂಬ ಭೂತರೂಪವನ್ನು ಕಲಿತ ಮೇಲೆ ‘ಬಂದೀನಿ, ಬಂದ್ರ, ಬಂದು’ ಎಂಬವನ್ನು ಯಾರೂ ಬೇರೆಯಾಗಿ ಕಂಠಪಾಠ ಮಾಡುವುದಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೂ ಧಾತುವಿಗೂ ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟಿರುವುದನ್ನು ಇಲ್ಲಿ ನೆನೆಯಬಹುದು. ಪ್ರತ್ಯಯಗಳ ನಿಯಮ ಒಂದು ಬಗೆಯ ಜ್ಞಾನ, ಧಾತುಗಳ ಪಟ್ಟಿ ಇನ್ನೊಂದು. ಮಿಂಚುಪಟ್ಟಿಯು ಎರಡನೆಯದಕ್ಕೆ ತಕ್ಕ ಸಾಧನ. ಮೊದಲನೆಯದಕ್ಕೆ ಕಿರುಪರೀಕ್ಷೆಯೇ ಬೇಕು.

4. ಅಭ್ಯಾಸದ ಕ್ರಮ

ಮರೆವಿನ ಗತಿಯನ್ನು ಎಬಿಂಗ್‌ಹೌಸ್ 1885ರಲ್ಲಿಯೇ ಅಳೆದು ತೋರಿಸಿದ್ದನು. ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷಗಳ ನಂತರ ಮುಂದಿದ್ದರು. ನೆನಪಿನಿಂದ ಬರೆಯುವ ಪರೀಕ್ಷೆಗೆ ಕುಳಿತವರು ಎರಡು ದಿನ ಮತ್ತು ಒಂದು ವಾರದ ನಂತರ ಮುಂದಿದ್ದರು. ಆ ಕ್ಷಣಕ್ಕೆ ಸುಲಭವೆನಿಸಿದ್ದು ಉಳಿದುಕೊಳ್ಳುತ್ತದೆಂಬ ಭರವಸೆಯಿಲ್ಲ.

ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆಯ ಕ್ರಮಕ್ಕೆ ವಿದ್ಯುತ್ತಾಗಲಿ ಮೊಬೈಲಾಗಲಿ ಬೇಕಿಲ್ಲ. ಸರಿಯುತ್ತರ ಬಂದ ಪಟ್ಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ. ತಪ್ಪಿದ ಪಟ್ಟಿ ಮೊದಲ ಖಾನೆಗೆ ಬರುತ್ತದೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಮತ್ತು ಒಂದು ರಟ್ಟಿನ ಡಬ್ಬಿ ಇದ್ದರೆ ಸಾಕು.

ಕಿರುಪರೀಕ್ಷೆಯ ವಿಷಯದಲ್ಲಿ ಪ್ಯಾನ್ ಮತ್ತು ಸಂಗಡಿಗರ 2019ರ ಅಧ್ಯಯನವು ನೇರವಾಗಿ ಪ್ರಸ್ತುತ. ಸ್ಪ್ಯಾನಿಷಿನ ಪೂರ್ಣ ಮತ್ತು ಅಪೂರ್ಣ ಭೂತರೂಪಗಳನ್ನು ಒಂದಕ್ಕಿಂತ ಹೆಚ್ಚು ಅವಧಿಗಳಲ್ಲಿ ಬೆರಸಿ ಅಭ್ಯಾಸ ಮಾಡಿದವರಿಗೆ, ಒಂದಾದ ಮೇಲೊಂದನ್ನು ಅಭ್ಯಾಸ ಮಾಡಿದವರಿಗಿಂತ ಹೆಚ್ಚಿನ ಲಾಭ ಕಂಡುಬಂದಿತು. ಆದ್ದರಿಂದ ಹತ್ತು ಪ್ರಶ್ನೆಗಳ ಪರೀಕ್ಷೆಯಲ್ಲಿ ಬಂದ, ಬಂದಾನ, ಬರ್ತಿದ್ದ, ಬರಂಗಿಲ್ಲ ಎಂಬವು ಕಲಸಿ ಬರಬೇಕು. ‘ಆರೂ ರೂಪಗಳನ್ನು ಬರೆಯಿರಿ’ ಎಂಬ ಪ್ರಶ್ನೆಯು ಸಾಲಾಗಿ ಒಪ್ಪಿಸುವುದನ್ನು ಮಾತ್ರ ಅಳೆಯುತ್ತದೆ. ಮಾತಿನ ನಡುವೆ ಬೇಕಾಗುವುದು ಸಾಲಿನ ನಡುವಿನ ಒಂದೇ ರೂಪ. ‘ನಿನ್ನೆ ರಾತ್ರಿ ಅಕ್ಕ ಬಂದಳು’, ‘ಸಣ್ಣವರಿದ್ದಾಗ ಸೋದರಮಾವ ಪ್ರತಿ ಜಾತ್ರಿಗೂ ಬರ್ತಿದ್ದ’ ಎಂಬಂಥ ವಾಕ್ಯಗಳಿಗೆ ಕ್ರಿಯಾರೂಪವನ್ನು ಹೇಳಿಸುವುದೇ ಲೇಸು.

5. ಉಪಸಂಹಾರ

ಪಟ್ಟಿಯ ಮುಂಬದಿಗೆ ಗ್ರಾಂಥಿಕವಾದ ‘ಬಂದಿದ್ದಾನೆ’ ಬೇಕೋ ಆಡುಮಾತಿನ ‘ಬಂದಾನ’ ಬೇಕೋ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಮರಣೆಯನ್ನು ಥಟ್ಟನೆ ಎಚ್ಚರಿಸುವುದು ಕಲಿಕಾರ್ಥಿಯ ನಾಲಗೆಯ ಮೇಲಿರುವ ರೂಪವಾದ್ದರಿಂದ ಎರಡನೆಯದೇ ಯುಕ್ತವೆಂದು ಪ್ರಸ್ತುತ ಲೇಖಕರ ಅಭಿಪ್ರಾಯ.

ಇದು ವಿನ್ಯಾಸದ ವಿವರಣೆಯೇ ಹೊರತು ಪ್ರಯೋಗದ ವರದಿಯಲ್ಲ. ಆದರೆ ಇದರಿಂದ ಪರೀಕ್ಷಿಸಬಹುದಾದ ಎರಡು ಊಹೆಗಳು ಹೊರಡುತ್ತವೆ. ಕನ್ನಡ ಮುಂಬದಿಯ ಪಟ್ಟಿಗಳನ್ನು ಬಳಸಿದವರಲ್ಲಿ, ಇಂಗ್ಲಿಷ್ ಮುಂಬದಿಯವುಗಳನ್ನು ಬಳಸಿದವರಿಗಿಂತ, ಪೂರ್ಣ–ಅಪೂರ್ಣ ಭೂತಗಳ ಗೊಂದಲ ಕಡಿಮೆಯಿರಬೇಕು. ಅದೇ ಕಲಿಕಾರ್ಥಿಗಳಲ್ಲಿ ನಿಷೇಧವಾಕ್ಯಗಳ ಪುರುಷದೋಷಗಳು ವಿಧಿವಾಕ್ಯಗಳಿಗಿಂತ ಹೆಚ್ಚಿರಬೇಕು. ಹಾಗಾಗದಿದ್ದರೆ ಇಲ್ಲಿಯ ವಾದವನ್ನು ತಿದ್ದಬೇಕಾಗುತ್ತದೆ. ಹಾಗಾದರೆ, ಶಹಾಪುರದಲ್ಲಿ ಕುಳಿತು ಮೂರನೆಯದೋ ನಾಲ್ಕನೆಯದೋ ಭಾಷೆಯನ್ನು ಕಲಿಯಹೊರಟವರಿಗೆ, ತಮ್ಮ ಮನೆಮಾತನ್ನು ಬದಿಗಿಟ್ಟು ಬರಬೇಕಾಗಿಲ್ಲವೆಂದು ಆಧಾರಸಹಿತವಾಗಿ ಹೇಳಬಹುದು.