ಫುಲ್ ಸಸ್ಪೆನ್ಷನ್ ಟೆಸ್ಟ್ ರೈಡ್: ಮೊದಲು ಗಾಳಿ, ಆಮೇಲೆ ತೀರ್ಪು

ಇವತ್ತು ಮೌಂಟೇನ್ ಬೈಕ್ ವಿಷಯ. ಅಂದ್ರೆ ಕಾಡು-ಗುಡ್ಡದ ದಾರಿಯಲ್ಲಿ ಓಡಿಸೋ ಸೈಕಲ್. ಮುಂದೆ ಮಾತ್ರ ಸಸ್ಪೆನ್ಷನ್ ಇದ್ರೆ ಹಾರ್ಡ್‌ಟೇಲ್. ಮುಂದೆ ಫೋರ್ಕ್, ಹಿಂದೆ ಶಾಕ್ ಎರಡೂ ಇದ್ರೆ ಫುಲ್ ಸಸ್ಪೆನ್ಷನ್.

ನಾಲ್ಕು ವರ್ಷ ಕೂಡಿಟ್ಟ ದುಡ್ಡು ಖರ್ಚು ಮಾಡೋ ಮುಂಚೆ, ಯಲಹಂಕದ ಹತ್ತಿರದ ಅವಲಹಳ್ಳಿ ಕಾಡಿನಲ್ಲಿ ಇಂಥದ್ದೊಂದು ಸೈಕಲ್ ಓಡಿಸಿ ನೋಡ್ದೆ. 29 ಇಂಚಿನ ಚಕ್ರ, ಹಿಂದೆ 130 ಮಿ.ಮೀ. ಟ್ರಾವೆಲ್, ಬೆಲೆ ಎರಡು ಲಕ್ಷದ ಮೇಲೆ. ಮೊದಲ ಹತ್ತು ನಿಮಿಷ ಬರೀ ನಿರಾಸೆ. ಒಂದೊಂದು ಕಲ್ಲೂ ಸೊಂಟಕ್ಕೇ ಹೊಡೀತಿತ್ತು. ಇಷ್ಟು ದುಡ್ಡಿಗೆ ಇದಾ ಅನ್ನಿಸ್ತು.

ತಪ್ಪು ಸೈಕಲ್‌ದಲ್ಲ. ಶಾಕ್‌ನಲ್ಲಿದ್ದ ಗಾಳಿ ನನಗಿಂತ ತುಂಬಾ ತೂಕ ಇರೋರಿಗೆ ಹಾಕಿದ್ದು. ಇಲ್ಲಿ ಗೊತ್ತಿರಬೇಕಾದ ಪದ ಸ್ಯಾಗ್: ನೀವು ಸುಮ್ನೆ ಕೂತಾಗಲೇ ಸಸ್ಪೆನ್ಷನ್ ಎಷ್ಟು ಕುಸಿಯುತ್ತೆ ಅನ್ನೋ ಅಳತೆ. ಹಾಗೆ ಸ್ವಲ್ಪ ಕುಸಿದಿದ್ರೆ ಮಾತ್ರ, ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಬಿಡದೆ ಹಿಡ್ಕೊಳ್ಳುತ್ತೆ. ಟ್ರೇಲ್ ಬೈಕ್‌ಗಳಲ್ಲಿ ಹಿಂದೆ 25ರಿಂದ 30 ಪರ್ಸೆಂಟ್, ಮುಂದೆ 15ರಿಂದ 20 ಪರ್ಸೆಂಟ್ ಇಡೋದು ರೂಢಿ.

ಅಳೆಯೋದು ಸುಲಭ. ಹೆಲ್ಮೆಟ್, ನೀರಿನ ಬ್ಯಾಗ್ ಎಲ್ಲಾ ಹಾಕ್ಕೊಂಡು ಗೋಡೆ ಹಿಡಿದು ಸೀಟಲ್ಲಿ ಕೂತ್ಕೊಳ್ಳಿ. ಶಾಕ್ ಮೇಲಿರೋ ರಬ್ಬರ್ ರಿಂಗ್‌ನ ಸೀಲ್‌ವರೆಗೆ ತಳ್ಳಿ, ಅಲುಗಾಡಿಸದೆ ಇಳೀರಿ. ಶಾಕ್‌ನ ಸ್ಟ್ರೋಕ್ 50 ಮಿ.ಮೀ. ಆಗಿದ್ರೆ ರಿಂಗ್ ಸುಮಾರು 15 ಮಿ.ಮೀ. ಸರಿದಿರಬೇಕು, ಅದೇ 30 ಪರ್ಸೆಂಟ್. ಕಮ್ಮಿ ಸರಿದಿದ್ರೆ ಗಾಳಿ ಬಿಡಿ, ಜಾಸ್ತಿ ಆದ್ರೆ ತುಂಬಿಸಿ. ಇದಕ್ಕೆ ಶಾಕ್ ಪಂಪೇ ಬೇಕು, ಟಯರ್ ಪಂಪ್ ಆಗಲ್ಲ. ನಾನು ಇಷ್ಟು ಮಾಡಿ ಅದೇ ದಾರಿಯಲ್ಲಿ ಮತ್ತೆ ಹೋದೆ. ಸೈಕಲ್ಲೇ ಬೇರೆ ಆಗಿತ್ತು!

ಆಮೇಲೆ ರಿಬೌಂಡ್, ಅಂದ್ರೆ ಕುಸಿದ ಸಸ್ಪೆನ್ಷನ್ ವಾಪಸ್ ಬರೋ ವೇಗ. ಸೀಟಲ್ಲಿ ಕೂತೇ ಫುಟ್‌ಪಾತ್ ಅಂಚಿಂದ ಇಳಿಸಿ ನೋಡಿ. ಒಂದು ಸಲ ಎದ್ದು ನಿಂತ್ರೆ ಸರಿ, ಕುದುರೆ ಥರ ಕುಣಿದ್ರೆ ರಿಬೌಂಡ್ ನಿಧಾನ ಮಾಡ್ಬೇಕು. ಏರಿನಲ್ಲಿ ಪೆಡಲ್ ತುಳಿದಾಗ ಶಾಕ್ ಎಷ್ಟು ತೂಗುತ್ತೆ ಅಂತಲೂ ಗಮನಿಸಿ. ಇಳಿಜಾರಿನಲ್ಲಿ ಡ್ರಾಪರ್ ಪೋಸ್ಟ್ ಲಿವರ್ ಒತ್ತಿ ಸೀಟ್ ಇಳಿಸಿ ನೋಡಿ. ಹೊಸ ಡಿಸ್ಕ್ ಬ್ರೇಕ್ ಮೊದಲಿಗೆ ಸರಿಯಾಗಿ ಹಿಡಿಯಲ್ಲ. ಸಮತಟ್ಟು ಜಾಗದಲ್ಲಿ ಒಂದಿಪ್ಪತ್ತು ಸಲ ಹಿಡಿದು ಪಳಗಿಸಿ, ಆಮೇಲೆ ಇಳಿಜಾರಿಗೆ ಹೋಗಿ.

ಇನ್ನು ಬಿಕಾಂ ಓದಿದವನ ಲೆಕ್ಕ. ಬೆಲೆ ಒಂದೇ ಖರ್ಚಲ್ಲ. ರಾಕ್‌ಶಾಕ್ಸ್ ಕಂಪನಿ ಫೋರ್ಕ್‌ನ ಕೆಳಭಾಗಕ್ಕೆ ಪ್ರತಿ 50 ಗಂಟೆ ರೈಡ್‌ಗೆ ಒಂದು ಸರ್ವಿಸ್ ಹೇಳುತ್ತೆ. ವಾರಕ್ಕೆ ನಾಲ್ಕು ಗಂಟೆ ಓಡಿಸಿದ್ರೆ ಮೂರು ತಿಂಗಳಿಗೊಮ್ಮೆ ಆಯ್ತು. ಹಿಂದಿನ ಶಾಕ್, ಪಿವಟ್ ಬೇರಿಂಗ್‌ಗಳ ಕೆಲಸ ಬೇರೆ. ಹಾರ್ಡ್‌ಟೇಲ್‌ನಲ್ಲಿ ಅವೇ ಇಲ್ಲ.

ನಾನು ಓಡಿಸೋದು ಹೆಚ್ಚಾಗಿ ಟಾರ್ ರಸ್ತೆ, ಕಾಡು ತಿಂಗಳಿಗೆ ಎರಡು ಸಲ. ಅದಕ್ಕೇ ಇಷ್ಟ ಆದ್ರೂ ತಗೊಳ್ಳಲಿಲ್ಲ, ಹಾರ್ಡ್‌ಟೇಲ್‌ಗೇ ನಿಂತೆ. ಪ್ರತಿ ವಾರ ಕಲ್ಲು-ಬೇರಿನ ದಾರಿಯಲ್ಲೇ ಇರೋರಿಗೆ ಲೆಕ್ಕ ಬೇರೆ ಬರಬಹುದು. ಆದ್ರೆ ಬೇಕು ಅನ್ನೋದಿರಲಿ, ಬೇಡ ಅನ್ನೋದಿರಲಿ, ಗಾಳಿ ಸರಿ ಮಾಡದೆ ಹೇಳ್ಬೇಡಿ. ಅಂಗಡಿಯಲ್ಲಿ ಮೊದಲ ಮಾತೇ ಇದಾಗಿರಲಿ: "ಅಣ್ಣಾ, ಶಾಕ್ ಪಂಪ್ ಇದೆಯಾ?"