ಸಂಜೆಗೆ ಬಂದವನ ಕೂಲಿ

ಬೆಳಗಿನ ಏಳು ಗಂಟೆಯ ವೇಳೆಗೆ ದಾವಣಗೆರೆಯಿಂದ ಕರೂರು ಕೈಗಾರಿಕಾ ಪ್ರದೇಶದ ಕಡೆಗೆ ಹೋಗತಕ್ಕವರು, ಬುತ್ತಿಯ ಚೀಲವನ್ನು ಹೆಗಲಿಗೇರಿಸಿಕೊಂಡು ದಾರಿಯ ಬದಿಯಲ್ಲಿ ನಿಂತಿರುವ ಜನರನ್ನು ಕಾಣದಿರಲಾರರು. ಮೇಸ್ತ್ರಿ ಬರುತ್ತಾನೆ; ಇಷ್ಟು ಆಳು ಬೇಕೆನ್ನುತ್ತಾನೆ; ರಟ್ಟೆ ಗಟ್ಟಿಯಿದ್ದವರು ಗಾಡಿಯನ್ನೇರುತ್ತಾರೆ; ಉಳಿದವರು ನಿಂತೇ ಇರುತ್ತಾರೆ. ಈಚೆಗೆ ಒಂದು ದಿನ ಬೆಳಿಗ್ಗೆ ಅಲ್ಲಿ ಕಂಡ ಮುದುಕನೊಬ್ಬನನ್ನು ನಾವು ಹಿಂದಿರುಗುವಾಗ, ಮಧ್ಯಾಹ್ನ ಮೂರು ಗಂಟೆಯ ಮೇಲೆಯೂ ಅದೇ ಸ್ಥಳದಲ್ಲಿ ಕಂಡೆವು. ನಮ್ಮ ಜೊತೆಯಲ್ಲಿದ್ದ ಮಿತ್ರರೊಬ್ಬರು, "ಇವರಿಗೆ ದುಡಿಯುವ ಮನಸ್ಸೇ ಇಲ್ಲ ಸ್ವಾಮಿ" ಎಂದರು. ನಾವು ಉತ್ತರ ಹೇಳಲಿಲ್ಲ. ಉತ್ತರವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬೇರೊಬ್ಬರು ಹೇಳಿಟ್ಟಿದ್ದಾರೆ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಒಂದು ಸಾಮ್ಯವುಂಟು. ದ್ರಾಕ್ಷಿಯ ತೋಟದ ಯಜಮಾನನೊಬ್ಬನು ಸೂರ್ಯೋದಯಕ್ಕೆ ಪೇಟೆಗೆ ಹೋಗಿ, ದಿನಕ್ಕೊಂದು ಬೆಳ್ಳಿಯ ನಾಣ್ಯವೆಂದು ಮಾತಾಡಿ ಆಳುಗಳನ್ನು ಕರೆತಂದನು. ಒಂಬತ್ತು ಗಂಟೆಗೆ, ನಡುಹಗಲಿಗೆ, ಮೂರು ಗಂಟೆಗೆ ಮತ್ತೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆತಂದನು. ಹೊತ್ತು ಮುಳುಗಲು ಒಂದು ತಾಸು ಇರುವಾಗಲೂ ಕೆಲವರು ಅಲ್ಲಿ ನಿಂತಿರುವುದನ್ನು ಕಂಡು, ಹಗಲೆಲ್ಲ ಯಾತಕ್ಕೆ ಸುಮ್ಮನೆ ನಿಂತಿರಿ ಎಂದು ಕೇಳಿದನು. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳಿದರು. ನಮ್ಮ ಮಿತ್ರರಿಗೆ ಸಲ್ಲತಕ್ಕ ಉತ್ತರವು ಇದೇ. ಆ ಯಜಮಾನನು ಅವರನ್ನೂ ಕರೆದೊಯ್ದನು. ಸಂಜೆ ಕೊನೆಗೆ ಬಂದವರಿಂದ ಮೊದಲುಮಾಡಿ ಎಲ್ಲರಿಗೂ ಅದೇ ಒಂದೊಂದು ನಾಣ್ಯವನ್ನು ಕೊಡಿಸಿದನು. ಹಗಲೆಲ್ಲ ಬಿಸಿಲಲ್ಲಿ ಬೆಂದವರು ಗೊಣಗಿದರು. ನಿನಗೆ ಆಡಿದಷ್ಟು ಕೊಟ್ಟಿದ್ದೇನೆ, ನಾನು ಒಳ್ಳೆಯವನಾದುದಕ್ಕೆ ನಿನಗೇಕೆ ಹೊಟ್ಟೆಕಿಚ್ಚು ಎಂದು ಅವನು ಕೇಳಿದನು.

ಪ್ರಾಚೀನ ವ್ಯಾಖ್ಯಾನಕಾರರು ಈ ಹೊತ್ತುಗಳಿಗೆ ಬಾಲ್ಯ, ಯೌವನ, ಮುಪ್ಪು ಎಂದು ಅರ್ಥಮಾಡಿದರು. ಆಯುಷ್ಯದ ಕೊನೆಗೆ ದೇವರ ಕಡೆಗೆ ತಿರುಗಿದವನಿಗೂ ಪೂರ್ಣಾನುಗ್ರಹವುಂಟೆಂದರು. ಅದು ಯೋಗ್ಯವಾದ ಅರ್ಥವೇ. ಆದರೆ ಏಸುಸ್ವಾಮಿಯು ಮೋಕ್ಷವನ್ನು ಹೇಳಬೇಕಾದಾಗ ಆರಿಸಿಕೊಂಡದ್ದು ಕೂಲಿಯ ಪೇಟೆಯನ್ನು ಎಂಬುದು ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಹಿಟ್ಟಿಗೆ ಹಾಕಿದ ಹುಳಿ, ಬಿತ್ತುವವನು, ಮನೆಯಲ್ಲಿ ಕಳೆದುಹೋದ ಒಂದು ನಾಣ್ಯಕ್ಕಾಗಿ ಕಸಗುಡಿಸಿ ಹುಡುಕುವ ಹೆಂಗಸು, ಇವೇ ಆತನ ಶಾಸ್ತ್ರಗ್ರಂಥಗಳು. ಕಣ್ಣೆದುರಿನ ಆಳನ್ನು ಕಾಣದವನಿಗೆ ಅನುಗ್ರಹವೆಂಬ ಮಾತು ಹೇಗೆ ತಿಳಿದೀತು? ಆ ಒಂದು ನಾಣ್ಯವು ದಿನದ ಕೂಲಿಯಾಗಿತ್ತು. ಒಂದು ತಾಸು ದುಡಿದವನಿಗೆ ತಾಸಿನ ಲೆಕ್ಕದಲ್ಲಿ ಕೊಟ್ಟಿದ್ದರೆ ಲೆಕ್ಕವು ಸರಿಹೋಗುತ್ತಿತ್ತು, ಮನೆಯ ಮಕ್ಕಳು ಉಪವಾಸ ಮಲಗುತ್ತಿದ್ದರು.

ಹಿಂದೂಗಳ ಪತ್ರಿಕೆಯಲ್ಲಿ ಸುವಾರ್ತೆಯ ಪ್ರಸಂಗವೇಕೆಂದು ಕೆಲವು ವಾಚಕರು ಕೇಳಬಹುದು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೊಲಾಳ್ವನು ಹರಿಹರದಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಅದೇ ಊರಿನ ಆರೋಗ್ಯಮಾತೆಯ ಉತ್ಸವಕ್ಕೆ ಪ್ರತಿ ಸೆಪ್ಟೆಂಬರ್ 8ರಂದು ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಈ ಸೀಮೆಯವರಿಗೆ ನಾವು ಬೇರೆ ಸಮಾಧಾನ ಹೇಳಬೇಕಾಗಿಲ್ಲ. ಮೇಲಾಗಿ ಇದೇ ಪಾಠವನ್ನು ಶರಣರ ಮನೆಯಲ್ಲಿಯೂ ಕಾಣುತ್ತೇವೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚಾಗಿ ತಂದಾಗ ಹೆಂಡತಿ ಲಕ್ಕಮ್ಮನು, ಈ ಹೆಚ್ಚಿನದು ನಮಗೇಕೆಂದು ಕೇಳಿ, ತಂದಲ್ಲಿಯೇ ಚೆಲ್ಲಿ ಬರುವಂತೆ ಕಳುಹಿಸಿದಳು. ಈ ದಿನದ ಅನ್ನವನ್ನು ಈ ದಿನ ಕೊಡೆಂದು ಕ್ರೈಸ್ತರು ಬೇಡುವ ಪ್ರಾರ್ಥನೆಗೂ ಲಕ್ಕಮ್ಮನ ಮಾತಿಗೂ ಇರುವ ದೂರ ಬಹಳವಲ್ಲ. ಒಬ್ಬಳು ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳು. ಒಬ್ಬ ಯಜಮಾನನು ಕಡಿಮೆಯಾಗುವುದನ್ನು ತುಂಬಿಕೊಟ್ಟನು.

ಈ ಸಾಮ್ಯವು ನಮ್ಮ ದೇಶದ ಚರಿತ್ರೆಯನ್ನು ಹೊಕ್ಕ ಬಗೆಯು ವಿಚಿತ್ರವಾದುದು. ಇಂಗ್ಲೆಂಡಿನ ಜಾನ್ ರಸ್ಕಿನ್ನನು 1860ರಲ್ಲಿ ಅರ್ಥಶಾಸ್ತ್ರಜ್ಞರನ್ನು ಖಂಡಿಸಿ ಬರೆದ ಪ್ರಬಂಧಗಳಿಗೆ ಈ ಕಥೆಯ ಮಾತನ್ನೇ ಹೆಸರಾಗಿಟ್ಟನು. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿಯವರ ಕೈಗೆ ಮಿತ್ರ ಪೋಲಕ್ಕರು ಆ ಪುಸ್ತಕವನ್ನಿತ್ತರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂದು ಅದರಿಂದ ಕಲಿತರು; ಅದೇ ವರ್ಷ ಫೀನಿಕ್ಸ್ ಆಶ್ರಮವನ್ನು ಹೂಡಿದರು; 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ಸರ್ವೋದಯವೆಂದು ಹೆಸರಿಟ್ಟರು. ಇಂದು ಸಭೆ ಸಭೆಗಳಲ್ಲಿ ನಾವು ನುಡಿಯುವ ಈ ಪದದ ಬೇರು ಆ ದ್ರಾಕ್ಷಿಯ ತೋಟದಲ್ಲಿದೆ.

1918ರಲ್ಲಿ ಅಹಮದಾಬಾದಿನ ಗಿರಣಿಯ ಕೂಲಿಗಾರರು ಶೇಕಡಾ 35ರಷ್ಟು ಹೆಚ್ಚಿನ ಕೂಲಿಯನ್ನು ಕೇಳಿದರು. ಮಾಲೀಕರು 20ಕ್ಕೆ ನಿಂತರು. ಕೂಲಿಗಾರರ ಎದೆಗುಂದಿದಾಗ ಗಾಂಧೀಜಿಯವರು ಉಪವಾಸ ಕುಳಿತರು. ಮೂರು ದಿನಗಳಲ್ಲಿ ರಾಜಿಯಾಗಿ, ಪಂಚಾಯಿತರ ತೀರ್ಪು ಕಡೆಗೆ 35ಕ್ಕೇ ಬಂದಿತು. ಮಾಲೀಕರು ಮಿತ್ರರಾಗಿದ್ದುದರಿಂದ ತಮ್ಮ ಉಪವಾಸವು ಅವರ ಮೇಲೆ ಒತ್ತಾಯವಾಯಿತೆಂದು ಮಹಾತ್ಮರೇ ಆಮೇಲೆ ಒಪ್ಪಿಕೊಂಡರು. ಇಂಥ ಒಪ್ಪಿಗೆಯನ್ನು ನಾಯಕರ ಬಾಯಿಂದ ಕೇಳಿ ನಮಗೆ ಬಹಳ ಕಾಲವಾಯಿತು.

ಮಿಶನರಿಗಳ ಮತಾಂತರದ ಉದ್ಯಮವನ್ನು ನಾವು ಎಂದೂ ಹೊಗಳಿದವರಲ್ಲ. ಆದರೂ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಲಿತ ಒಂದು ಪಾಠವನ್ನು ಮರೆಮಾಚುವುದು ನ್ಯಾಯವಲ್ಲ. ಅವರನ್ನು ಸೇರಿದವರಿಗೆ ಜಾತಿಯೊಡನೆ ಕಸಬೂ ತಪ್ಪಿತು. ಕೂಲಿಗೆ ಕರೆಯುವವರಿಲ್ಲದೆ ಅವರೂ ಬೀದಿಯಲ್ಲಿ ನಿಂತರು. ಬರಿಯ ಪ್ರಸಂಗದಿಂದ ಹೊಟ್ಟೆ ತುಂಬದೆಂದು ಕಂಡ ಮಿಶನ್ನು ನೆಯ್ಗೆಯ ಶಾಲೆಗಳನ್ನೂ 1865ರಿಂದ ಹಂಚಿನ ಕಾರ್ಖಾನೆಯನ್ನೂ ನಡೆಸಿತು.

ನಮ್ಮ ದಾವಣಗೆರೆಯ ಚರಿತ್ರೆ ಬೇರೆಯೇ? ಹತ್ತಿಯ ಗಿರಣಿಗಳಿಂದ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತ್ತು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಲ್ಲೆಲ್ಲ ಹೆಸರಾಗಿದ್ದುವು. ಗಿರಣಿಗಳು ಬಹುಮಟ್ಟಿಗೆ ಮುಚ್ಚಿದುವು. ಕಿರ್ಲೋಸ್ಕರ್ ಕಾರ್ಖಾನೆಯೂ ಇಂದಿಲ್ಲ. ನೂಲಿನ ಎಳೆಯನ್ನು ಕಣ್ಣುಮುಚ್ಚಿ ಗಂಟುಹಾಕಬಲ್ಲ ಕೈಗಳು ಮಂಡಕ್ಕಿ ಭಟ್ಟಿಗಳಲ್ಲಿಯೂ ಮಾರುಕಟ್ಟೆಯ ಹಮಾಲಿಯಲ್ಲಿಯೂ ಕೆಲಸ ಹುಡುಕಬೇಕಾಯಿತು. ಆ ಕೈಗಳಲ್ಲಿ ಸೋಮಾರಿತನವನ್ನು ಹುಡುಕುವುದು ಯಾವ ನ್ಯಾಯ?

ಕೊನೆಗೆ ಬಂದವನಿಗೂ ಪೂರ್ಣ ಕೂಲಿಯಾದರೆ ನಾಳೆ ಬೆಳಿಗ್ಗೆ ಯಾರು ಬಂದಾರೆಂದು ಕಾರ್ಖಾನೆಯವರು ಕೇಳುವುದು ನಮಗೆ ಗೊತ್ತಿದೆ. ಸಣ್ಣ ಬಂಡವಾಳದವರ ಕಷ್ಟವನ್ನೂ ನಾವು ಬಲ್ಲೆವು. ಅಚ್ಚುಕೂಟವೂ ಒಂದು ಕಾರ್ಖಾನೆಯೇ, ಶನಿವಾರದ ಬಟವಾಡೆ ನಮಗೂ ಬರುತ್ತದೆ. ತಾಸಿನ ಲೆಕ್ಕವನ್ನೇ ಬಿಟ್ಟುಬಿಡಿರೆಂದು ನಾವು ಹೇಳುತ್ತಿಲ್ಲ. ಬೈಬಲಿನ ಹಳೆಯ ಧರ್ಮಶಾಸ್ತ್ರವು ಕೂಲಿಯವನ ಹಣವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ವಿಧಿಸಿದೆ. ಅಷ್ಟನ್ನು ಮೊದಲು ನಡೆಸಿದರೆ ಸಾಕು. ಗುತ್ತಿಗೆಯ ಮೇಸ್ತ್ರಿಯ ಕೈಯಲ್ಲಿ ಎಷ್ಟು ಸೋರುತ್ತದೆಂಬುದನ್ನು ಯಜಮಾನರು ತಾವೇ ನಿಂತು ನೋಡಲಿ. ಬರುವ ಶನಿವಾರದ ಬಟವಾಡೆಯಲ್ಲಿ ಕರೂರಿನ ಒಬ್ಬ ಯಜಮಾನರಾದರೂ ಎಲ್ಲರಿಗಿಂತ ಕೊನೆಗೆ ಸೇರಿದವನನ್ನು ಎಲ್ಲರಿಗಿಂತ ಮೊದಲು ಕರೆದು ಕೂಲಿ ಕೊಡಲಿ. ಗೊಣಗುವವರು ಯಾರಾದರೂ ಇದ್ದರೆ ಅವರ ಪತ್ರಗಳಿಗೂ ಈ ಪುಟದಲ್ಲಿ ಸ್ಥಳವುಂಟು.