ಮನೆಯಲ್ಲೇ ಬಣ್ಣ ಹೊಡೆದ ಕಾರಿನ ಚಕ್ರ: ಬಾಳಿಕೆ ಎಷ್ಟು?

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯ ಉಪ್ಪುಗಾಳಿ ಹಾಗೂ ಮಳೆಗೆ ಕಾರಿನ ಉಕ್ಕಿನ ಚಕ್ರಗಳು ಬೇಗನೆ ತುಕ್ಕು ಹಿಡಿಯುತ್ತವೆ. ಸ್ಪ್ರೇ ಡಬ್ಬಿ ತಂದು ಮನೆಯಂಗಳದಲ್ಲೇ ಅವಕ್ಕೆ ಬಣ್ಣ ಹೊಡೆಯುವವರುಂಟು. ಆ ಬಣ್ಣದ ಆಯುಷ್ಯ ಬಹುಮಟ್ಟಿಗೆ ಅದರಡಿಯ ಲೋಹದ ಸ್ವಚ್ಛತೆಯನ್ನು ಅವಲಂಬಿಸಿದೆ. ತುಕ್ಕನ್ನೂ ಬ್ರೇಕಿನಿಂದ ಉದುರಿ ಅಂಟಿದ ಕಬ್ಬಿಣದ ಪುಡಿಯನ್ನೂ ಉಜ್ಜಿ ತೆಗೆದು ಪ್ರೈಮರ್ ಬಳಿಯದಿದ್ದರೆ, ಒಳಗೊಳಗೇ ತುಕ್ಕು ಹಬ್ಬಿ ಬಣ್ಣದಲ್ಲಿ ಗುಳ್ಳೆ ಏಳುತ್ತದೆ.

ಪೌಡರ್ ಲೇಪನವನ್ನು ಕಾರ್ಖಾನೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಟ್ಟಿಗೊಳಿಸಲಾಗುತ್ತದೆ. ಸಾಮಾನ್ಯ ಡಬ್ಬಿಯ ಬಣ್ಣವಾದರೋ ದ್ರಾವಕ ಆರಿ ಒಣಗುವಂಥದು. ಪೆಟ್ರೋಲ್ ತಾಗಿದರೆ ಮೆತ್ತಗಾಗುತ್ತದೆ. ಟೈರ್ ಬದಲಿಸುವಾಗ ಅಂಚಿನಲ್ಲಿ ಹಕ್ಕಳೆ ಏಳುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದರೆ ಮೊದಲ ದಿನವೇ ಮಂಕಾಗುವುದೂ ಉಂಟು.

ಇವೆಲ್ಲ ಅಂದದ ಮಾತಾಯಿತು. ಅಪಾಯವಿರುವುದು ನಟ್ ಕೂರುವ ಜಾಗದಲ್ಲಿ. ಅಲ್ಲಿಯೂ, ಚಕ್ರವು ಹಬ್‌ಗೆ ಒತ್ತಿಕೊಳ್ಳುವ ಹಿಂಬದಿಯಲ್ಲಿಯೂ ದಪ್ಪನೆಯ ಬಣ್ಣವಿದ್ದರೆ, ಓಡಾಟದ ಒತ್ತಡಕ್ಕೆ ಅದು ಜಜ್ಜಿಹೋಗಿ ನಟ್‌ಗಳ ಬಿಗಿತ ತಗ್ಗುತ್ತದೆ. ಕಡೆಗೆ ಚಕ್ರವೇ ಕಳಚಬಹುದು. ಆದ್ದರಿಂದ ಈ ಭಾಗಗಳನ್ನು ಮೊದಲೇ ಟೇಪಿನಿಂದ ಮುಚ್ಚಬೇಕು. ಚಕ್ರ ಜೋಡಿಸಿ 50ರಿಂದ 100 ಕಿಲೋಮೀಟರ್ ಓಡಿಸಿದ ಬಳಿಕ ನಟ್‌ಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.